ಪಾಳಿ ಹಂಚುವ ಪ್ರೋಗ್ರಾಮು

ನನಗೆ ಯಾರನ್ನೂ ಸುಲಭಕ್ಕೆ ನಂಬಿ ಅಭ್ಯಾಸವಿಲ್ಲ. ತರಕಾರಿಯವನು ತಕ್ಕಡಿ ಎತ್ತಿದರೆ ನನ್ನ ಕಣ್ಣು ಟೊಮೆಟೊ ಮೇಲಲ್ಲ, ಅವನ ಕಿರುಬೆರಳಿನ ಮೇಲಿರುತ್ತದೆ. "ನೀನು ಪೊಲೀಸ್ ಸೇರ್ಬೇಕಿತ್ತು ಕಣೇ" ಎಂದು ನನ್ನ ಗಂಡ ಹಂಗಿಸುತ್ತಲೇ ಇರುತ್ತಾರೆ. ಸೇರಿದ್ದು ಮಾತ್ರ ವಸಂತನರಸಾಪುರದ ಒಂದು ಫ್ಯಾಕ್ಟರಿಯ ಪ್ಲಾನಿಂಗ್ ವಿಭಾಗ. ಯಾರು ಯಾವ ಪಾಳಿಗೆ, ಯಾವ ಸೆಕ್ಷನ್ನಿಗೆ ಎಂದು ವಾರವಾರ ಹಂಚುವುದು ನನ್ನ ಕೆಲಸ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯಿಂದ ಕಂಪನಿ ಬಸ್ಸಿನಲ್ಲಿ ಬರುವ ಹೆಂಗಸರಲ್ಲಿ ಒಬ್ಬರಿಗೂ ಪೇಂಟ್ ಸೆಕ್ಷನ್ ಬೇಡ. ಥಿನ್ನರ್ ವಾಸನೆಗೆ ತಲೆ ಸಿಡಿಯುತ್ತದೆ. ಅಲ್ಲಿಗೆ ಹೆಸರು ಬಿದ್ದವರೆಲ್ಲ ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದರು, ನಾನು ಯಾರ ಹತ್ತಿರವೋ ಏನೋ ತಿಂದಿದ್ದೇನೆ ಎಂಬಂತೆ.

ಆ ಅನುಮಾನದಿಂದ ಪಾರಾಗಲೆಂದೇ ನಾನು ಪಾಳಿ ಹಂಚುವುದನ್ನು ಕಂಪ್ಯೂಟರಿಗೆ ಬಿಟ್ಟು, ಆನ್ಸರ್ ಸೆಟ್ ಪ್ರೋಗ್ರಾಮಿಂಗ್ ಎಂಬ ವಿಧಾನ ಹಿಡಿದದ್ದು. ಕಾಲೇಜಿನಲ್ಲಿ ಕಲಿತ ಭಾಷೆಗಳಲ್ಲಿ ಮೊದಲು ಇದು ಮಾಡು, ಆಮೇಲೆ ಅದು ಮಾಡು ಎಂದು ಕಂಪ್ಯೂಟರಿನ ಕೈಹಿಡಿದು ನಡೆಸಬೇಕು. ಡೇಟಾಬೇಸು ಇರುವುದನ್ನು ಹುಡುಕಿ ಕೊಡುತ್ತದೆ. ಇಲ್ಲದ ಪಟ್ಟಿಯೊಂದನ್ನು ಹೊಸದಾಗಿ ಕಟ್ಟುವುದು ಅದರ ಕೆಲಸವಲ್ಲ. ಪ್ರೊಲಾಗ್ ಎಂಬ ಹಳೆಯ ಭಾಷೆ ಇದಕ್ಕೆ ಹತ್ತಿರದ ನೆಂಟ. ಅಲ್ಲೂ ನಿಯಮಗಳನ್ನೇ ಬರೆಯುತ್ತೇವೆ, ಆದರೆ ಯಾವುದನ್ನು ಮೊದಲು ಬರೆದೆವು, ಯಾವುದನ್ನು ಆಮೇಲೆ ಬರೆದೆವು ಎಂಬುದಕ್ಕೂ ಅದು ಮುನಿಸಿಕೊಂಡು ಸುಮ್ಮನೆ ಸುತ್ತು ಹೊಡೆಯುತ್ತಾ ನಿಂತುಬಿಡುವುದುಂಟು. ಇದರಲ್ಲಿ ಆ ರಗಳೆಯಿಲ್ಲ. ಏನಿರಬೇಕು, ಏನಿರಬಾರದು ಎಂದಷ್ಟೇ ಬರೆದರೆ ಸಾಕು, ಅಷ್ಟಕ್ಕೂ ಹೊಂದುವ ಉತ್ತರಗಳನ್ನು ತಂದು ಮುಂದಿಡುತ್ತದೆ, ಸುಳ್ಳು ಹೇಳದ ಮದುವೆ ಬ್ರೋಕರ್ ಇದ್ದ ಹಾಗೆ. ಒಳಗಿನ ಹುಡುಕಾಟಕ್ಕೆ ಹೌದು-ಅಲ್ಲಗಳ ಲೆಕ್ಕ ಬಿಡಿಸುವ ಸ್ಯಾಟ್ ಸಾಲ್ವರ್‌ಗಳ ಉಪಾಯಗಳನ್ನೇ ಎರವಲು ತಂದಿದ್ದಾರೆ.

ಇನ್ನೊಂದು ಗುಣ ನನಗೆ ಬಹಳ ಹಿಡಿಸಿತ್ತು. ಹೇಳದೆ ಇದ್ದದ್ದನ್ನು ಅದು ಇಲ್ಲ ಎಂದೇ ಹಿಡಿಯುತ್ತದೆ. ಆಸ್ತಮಾ ಇದ್ದವರನ್ನು, ಬಸುರಿಯರನ್ನು ಪೇಂಟ್ ಸೆಕ್ಷನ್ನಿಗೆ ಹಾಕಬಾರದು ಎಂದು ನಿಯಮ ಬರೆದಿದ್ದೆ. ಯಾರೂ ತಿಳಿಸಿಲ್ಲವೆಂದರೆ ಆಸ್ತಮಾ ಇಲ್ಲ, ಬಸಿರೂ ಇಲ್ಲ.

ಹೀಗಿರುವಾಗ ನಾನು ಕಳಿಸಿದ ಪಟ್ಟಿ ಕೆಳಗೆ ಕೆಲಸದ ಜಾಗಕ್ಕೆ ಹೋದ ಮೇಲೆ ಬದಲಾಗತೊಡಗಿತು. ಪೇಂಟ್ ಸೆಕ್ಷನ್ನಿಗೆ ಹೆಸರು ಬಂದಾಗಲೆಲ್ಲ ಕುಣಿಗಲ್ಲಿನ ಒಬ್ಬ ಹುಡುಗಿ ಮಾತ್ರ ಪ್ಯಾಕಿಂಗಿನಲ್ಲೇ ಇರುತ್ತಿದ್ದಳು. ಹೋದ ವರ್ಷ ಮದುವೆಯಾದವಳು, ಕಾಂಟ್ರಾಕ್ಟರ್ ಕಡೆಯ ಕೆಲಸ. ಬದಲಾಯಿಸುತ್ತಿದ್ದವರು ಗುಬ್ಬಿಯಿಂದ ಬರುವ ಸೂಪರ್‌ವೈಸರ್ ಅಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಬದಲಿಗೆ ಹೋದ ಹೆಂಗಸರು ತುಟಿಪಿಟಕ್ಕೆನ್ನದೆ ಇದ್ದದ್ದಂತೂ ಇನ್ನೂ ಅನುಮಾನ ತಂದಿತು. ಬಸ್ಸಿನ ಕಿಟಕಿ ಸೀಟಿಗೆ ಕಿತ್ತಾಡುವವರು ಥಿನ್ನರ್ ವಾಸನೆಗೆ ಸುಮ್ಮನಿರುತ್ತಾರೆಯೇ?

"ಆ ಹುಡ್ಗಿ ನಿಮ್ಗೇನಾಗ್ಬೇಕು?" ಎಂದು ನೇರವಾಗಿ ಕೇಳಿದೆ.

"ಏನೂ ಆಗ್ಬೇಕಿಲ್ಲ, ಬುಡಿ ಮೇಡಂ. ಕೆಲ್ಸ ನಡೀತೈತಲ್ಲ" ಎಂದು ಅಕ್ಕ ಮುಖ ತಿರುಗಿಸಿದರು.

ಅಷ್ಟರಲ್ಲಿ ಮ್ಯಾನೇಜರಿಗೂ ವಾಸನೆ ಬಡಿದಿತ್ತು. "ಯಾಕ್ ಬದಲಾಗ್ತಾ ಇದೆ, ಪತ್ತೆ ಮಾಡಿ. ಶುಕ್ರವಾರ ಕಾಂಟ್ರಾಕ್ಟ್ ರಿನ್ಯೂ ಇದೆ, ಆಟ ಆಡೋರನ್ನ ತೆಗೆದ್ಬಿಡೋಣ" ಎಂದರು.

ಪತ್ತೆಗೆ ನನ್ನ ಪ್ರೋಗ್ರಾಮನ್ನೇ ಉಲ್ಟಾ ಓಡಿಸಿದೆ. ಅಕ್ಕ ಬದಲಾಯಿಸಿದ ಪಟ್ಟಿಗಳೇ ಸರಿ ಎಂದುಕೊ, ಅವು ಸರಿಯಾಗಬೇಕಾದರೆ ನನಗೆ ಗೊತ್ತಿಲ್ಲದ ಯಾವ ಸಂಗತಿ ನಿಜವಾಗಿರಬೇಕು, ಹೇಳು ಎಂದೆ. ನೆಂಟಸ್ತಿಕೆ, ಲಂಚ, ಆಸ್ತಮಾ, ಬಸಿರು, ಎಲ್ಲ ಸಾಧ್ಯತೆಗಳನ್ನೂ ಬರೆದುಕೊಟ್ಟೆ. ಅನ್ಯಾಯವಾದವರು ಜಗಳ ತೆಗೆಯುತ್ತಾರೆ ಎಂಬ ನಿಯಮವನ್ನೂ ಸೇರಿಸಿದೆ, ನಮ್ಮ ಬಸ್ಸಿನವರನ್ನು ನೋಡಿದವರು ಯಾರೂ ಇದಕ್ಕೆ ಇಲ್ಲ ಎನ್ನುವುದಿಲ್ಲ. ಜಗಳವೇ ಆಗಿರಲಿಲ್ಲವಾದ್ದರಿಂದ ನೆಂಟಸ್ತಿಕೆಯೂ ಲಂಚವೂ ಬಿದ್ದುಹೋದವು. ಆಸ್ತಮಾ ಇದ್ದಿದ್ದರೆ ಕೆಲಸಕ್ಕೆ ಸೇರುವಾಗಿನ ಡಾಕ್ಟರ್ ತಪಾಸಣೆಯಲ್ಲೇ ಸಿಗುತ್ತಿತ್ತು. ಕೊನೆಗೆ ಒಂದೇ ಒಂದು ಉತ್ತರ ಉಳಿಯಿತು.

ನಾನು ಸ್ಕ್ರೀನ್ ನೋಡುತ್ತಾ ಪೆಚ್ಚಾಗಿ ಕುಳಿತೆ. ನಮ್ಮ ಕಡೆ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಬಾಯಿ ಬಿಡುವುದಿಲ್ಲ, ಕಣ್ಣು ಬೀಳುತ್ತದೆ ಎಂದು. ಮಗಳು ಹೊಟ್ಟೆಯಲ್ಲಿದ್ದಾಗ ನಾನೂ ಗ್ಯಾಸ್ಟ್ರಿಕ್ಕು ಎಂದು ಹೇಳಿಕೊಂಡೇ ಓಡಾಡಿದವಳು. ಬಸ್ಸಿನ ಹೆಂಗಸರಿಗೆ ಯಾರೂ ಹೇಳಿರಲಿಕ್ಕಿಲ್ಲ. ನೋಡಿಯೇ ತಿಳಿದುಕೊಂಡು, ಯಾರೂ ಏನೂ ಕೇಳದೆ, ಅವಳ ಪಾಳಿಯನ್ನು ಸರದಿಯಂತೆ ತಾವೇ ಮಾಡುತ್ತಿದ್ದರು. ಹಾಗೆ ಹೇಳದೆ ಇದ್ದದ್ದನ್ನು ನನ್ನ ಪ್ರೋಗ್ರಾಮು ಇಲ್ಲ ಎಂದುಕೊಂಡಿತ್ತು. ಈಗ ನಾನು ಹೇಳಿದರೆ ಅವಳು ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಬಸುರಿ ಎಂದು ತಿಳಿದರೆ ಆ ಕಾಂಟ್ರಾಕ್ಟರ್ ಕೆಲಸದಿಂದ ತೆಗೆದೆ ಎಂದು ಬಾಯಲ್ಲಿ ಹೇಳುವ ಜನ ಅಲ್ಲ. ಹೊಸ ಗೇಟ್ ಪಾಸ್ ಬರುವುದಿಲ್ಲ, ಅಷ್ಟೆ.

ಮ್ಯಾನೇಜರ್ ಕೋಣೆಗೆ ಹೋದೆ. "ನಿಯಮ ನಂದೇ ಸರಿಯಿರ್ಲಿಲ್ಲ ಸಾರ್. ಇಬ್ರೂ ಒಪ್ಪಿದ್ರೆ ಪಾಳಿ ಅದಲುಬದಲು ಮಾಡ್ಕೋಬಹುದು, ಕಾರಣ ಕೇಳೋ ಹಾಗಿಲ್ಲ ಅಂತ ಸೇರ್ಸಿದೀನಿ. ಈಗ ಎಲ್ಲಾ ಪಟ್ಟಿನೂ ಸರಿಯಾಗೇ ಬರ್ತಿದೆ" ಎಂದೆ.

"ನೀವು? ಕಾರಣ ಕೇಳೋ ಹಾಗಿಲ್ಲ ಅಂತ?" ಎಂದು ಅವರು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು. ಆದರೂ ಸಹಿ ಹಾಕಿದರು.

ಶುಕ್ರವಾರ ಅವಳ ಕಾಂಟ್ರಾಕ್ಟ್ ಮುಂದುವರಿಯಿತು. ಪಾಳಿ ಮುಗಿದು ಗೇಟಿನ ಹತ್ತಿರ ಬಸ್ಸು ನಿಂತಿದ್ದಾಗ ಆ ಹುಡುಗಿ ನನ್ನ ಬಳಿ ಬಂದಳು. ಊಟದ ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡಿದ್ದಳು. ಎಷ್ಟಾದರೂ ಒಂದು ಥ್ಯಾಂಕ್ಸ್ ಹೇಳಲು ಬಂದಳು ಎಂದುಕೊಂಡೆ, ನಿಜ ಹೇಳಬೇಕೆಂದರೆ ಆಸೆಯೂ ಇತ್ತು.

"ಹೊಸ ನಿಯಮ ನೋಡಿ, ನಿಮ್ಗೆ ಗೊತ್ತಾಗೈತೆ ಅಂತ ಅಕ್ಕ ಅಂದ್ರು" ಎಂದಳು ಸಣ್ಣಗೆ. "ಗೊತ್ತಿದ್ದೂ ಯಾಕ್ ಹೇಳ್ಲಿಲ್ಲ ಮೇಡಂ? ನನ್ನಿಂದ ಏನಾಗ್ಬೇಕು ನಿಮ್ಗೆ?"

"ಏನೂ ಬೇಡ ಕಣಮ್ಮ. ಹೋಗು, ಬಸ್ ಹೊರಡುತ್ತೆ."

ಅವಳು ಹತ್ತಿ ಕೂತಳು. ಬಸ್ಸು ತಿರುವು ದಾಟುವವರೆಗೂ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು, ನಾನು ತರಕಾರಿಯವನನ್ನು ನೋಡುವ ಹಾಗೆ. ಬೇಜಾರಾಯಿತು, ಬಹಳವೇ ಆಯಿತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.