ಈರವ್ವನ ಮದ್ದು

“ಲೇ ತಮ್ಮಾ, ನಮ್ಮವ್ವನ್ನ ಎಲ್ಲಿ ಬಿಟ್ಟು ಬಂದೆ?”

ಕುರಿರೋಗಗಳ ಬಗ್ಗೆ ನಾನು ಬರೆದ ಪ್ರಬಂಧವನ್ನು ಕೇಳಿ ಮುಗಿಸಿದ ಮದಕರಿಪುರದ ಕುರಿಗಾಹಿ ಚಿಕ್ಕಣ್ಣಜ್ಜ ಹೀಗೆಂದರು. ದುರ್ಗದ ನಮ್ಮ ಹೈಸ್ಕೂಲಿನಿಂದ ಅದು ಮರುದಿನವೇ ಮೈಸೂರಿನ ಸ್ಪರ್ಧೆಗೆ ಹೋಗಬೇಕಿತ್ತು. ಮದ್ದುಗಳನ್ನೆಲ್ಲ ಹೇಳಿಕೊಟ್ಟವರು ಅಜ್ಜ; ‘ನಾನು ಕಂಡುಕೊಂಡೆ’ ಎಂದು ಬರೆದವನು ನಾನು.

“ನಿಮ್ಮ ಹೆಸರು ಸೇರಿಸ್ಲೇನಜ್ಜ?” ಎಂದೆ, ನಾಚಿಕೊಂಡು.

“ನಂದ್ಯಾಕೋ? ಒಂದೊಂದು ಮದ್ದಿಗೂ ‘ಇದು ನಮ್ಮವ್ವ ಈರವ್ವಂದು’ ಅಂತ ಹೇಳೇ ಕೊಟ್ಟಿದ್ನಲ್ಲ. ಕಲಿಸ್ದೋರ ಹೆಸರು ಹೇಳ್ದಿದ್ರೆ ನಮ್ಮಲ್ಲಿ ಕುರಿಗೂ ಮದ್ದು ಹತ್ತಲ್ಲ!”

ಅಲ್ಲೇ ಕುಳಿತು ಮೊದಲ ಪುಟವನ್ನು ಹರಿದು ಹೊಸದಾಗಿ ಬರೆದೆ: ‘ಇವು ಮದಕರಿಪುರದ ಈರವ್ವನವರ ಮದ್ದುಗಳು. ಹೇಳಿದವರು ಅವರ ಮಗ ಚಿಕ್ಕಣ್ಣ. ನಾನು ಬರೆದುಕೊಂಡೆ, ಅಷ್ಟೆ.’

ಪ್ರಬಂಧದಲ್ಲಿ ನನ್ನ ಪಾಲು ಚಿಕ್ಕದಾಯಿತು ನಿಜ. ಆದರೆ ಅದನ್ನು ಯಾರ ಮುಂದೆ ಬೇಕಾದರೂ ನಿಂತು ಓದುವ ಧೈರ್ಯ ನನಗೆ ಬಂದದ್ದು ಆ ಮೂರು ಸಾಲು ಬರೆದ ಮೇಲೆಯೇ.