ಹಲ್ಲು ಮಾವನ ಬ್ರೆಜಿಲ್

ಊರಿನ ಅರ್ಧ ಬಾಯಿಗಳು ನಗುವುದು ನಮ್ಮ ಸೋದರಮಾವ ಮಾಡಿಕೊಟ್ಟ ಹಲ್ಲಿನಿಂದ. ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವುದು ಅವನ ಕಸುಬು. ಹಾಗಾಗಿ ಎಲ್ಲರಿಗೂ ಅವನು ಹಲ್ಲು ಮಾವ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮೌತ್ ಆರ್ಗನ್ ಬೇರೆ ಊದುತ್ತಿದ್ದ.

ಐವತ್ತು ದಾಟಿದ ಮೇಲೆ ರೇಡಿಯೋದಲ್ಲಿ ಬೋಸಾನೋವಾ ಅನ್ನುವ ಬ್ರೆಜಿಲ್ ಸಂಗೀತ ಕೇಳಿ ಹುಚ್ಚು ಹತ್ತಿತು. ಹುಲ್ಲಿನ ಟೋಪಿ ಬಂತು, ಹೂವಿನ ಅಂಗಿ ಬಂತು.

"ಬ್ರೆಜಿಲ್ ನನ್ನ ರಕ್ತದಲ್ಲೇ ಇದೆ ಕಣೇ!"

"ರಕ್ತದಲ್ಲಿರೋದು ಸಕ್ಕರೆ. ಮೊದಲು ಮಾತ್ರೆ ನುಂಗ್ರಿ," ಅಂದಳು ಅತ್ತೆ.

ಅವನು ಜಾಝ್ ಆಲ್ಬಮ್ಮೇ ಮಾಡಲು ಹೊರಟ. ಸಾಂಬಾ, ರುಂಬಾ, ಕೈಗೆ ಸಿಕ್ಕಿದ್ದೆಲ್ಲ ಅದರಲ್ಲಿ ಕಲಸಿದ. ಲ್ಯಾಟಿನ್ ಡೋಲು ಬಾರಿಸಲು ಅತ್ತೆಯ ತಮ್ಮನನ್ನು ಹಿಡಿದು ತಂದ. ಆ ಪುಣ್ಯಾತ್ಮನಿಗೆ ತಾಳ ಬರುತ್ತಿರಲಿಲ್ಲ. ಭಾವನಿಗೆ ಇಲ್ಲ ಅನ್ನುವುದೂ ಬರುತ್ತಿರಲಿಲ್ಲ. ಪ್ಲಾಸ್ಟರ್ ದವಡೆಗಳು ಸಾಲಾಗಿ ಕೂತ ವರ್ಕ್‌ಶಾಪಿನಲ್ಲೇ, ಗೋಡೆಗೆ ಹಾಸಿಗೆ ಒರಗಿಸಿ ರೆಕಾರ್ಡಿಂಗ್ ನಡೆಯಿತು. ದವಡೆಗಳಿಗೆ ಕಿವಿಯಿಲ್ಲದ್ದು ಅವುಗಳ ಅದೃಷ್ಟ.

ಕೊನೆಯ ಹಾಡಿನಲ್ಲಿ ಉದ್ದ ಸ್ವರ ಎಳೆಯುವಾಗ ಮಾವನ ಸ್ವಂತ ಸೆಟ್ಟೇ ಸಡಿಲವಾಗಿ ಟಕಟಕ ಬಡಿಯಿತು. ಊರಿಗೆಲ್ಲ ಬಿಗಿ ಹಲ್ಲು ಕೊಟ್ಟವನಿಗೆ ತನ್ನದನ್ನು ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ. ಇನ್ನೊಮ್ಮೆ ಊದೋಣವೆಂದರೆ ಭಾವಮೈದುನ ಕೈ ಊದಿದೆಯೆಂದು ಎದ್ದು ಹೋಗಿದ್ದ. ಹಾಗೇ ಬಿಟ್ಟರು.

ಆಲ್ಬಮ್ ಹೊರಬಂದಾಗ ಪತ್ರಿಕೆಯ ಸಂಗೀತ ವಿಮರ್ಶಕನೊಬ್ಬ ಆ ಹಾಡಿಗೇ ಮರುಳಾಗಿ ಮನೆಗೆ ಬಂದ.

"ಆ ಟಕಟಕ ಇದೆಯಲ್ಲ ಸಾರ್, ಯಾವ ವಾದ್ಯ ಅದು?"

ಮಾವ ರೆಪ್ಪೆ ಮಿಟುಕಿಸಲಿಲ್ಲ. "ಬ್ರೆಜಿಲ್ ಕಾಡಿನದು. ಮೂಳೆಯಲ್ಲಿ ಮಾಡ್ತಾರೆ. ನುಡಿಸೋರು ಈಗ ಇಲ್ಲವೇ ಇಲ್ಲ."

"ಅಂದ್ಕೊಂಡೆ! ಅಲ್ಲಿಗೆ ಹೋಗಿದ್ದಾಗ ಕೇಳಿದೀನಿ," ಅಂದ ವಿಮರ್ಶಕ.

ಅವನೇ ಮುಂದೆ ನಿಂತು ಕಛೇರಿ ಏರ್ಪಡಿಸಿದ. ಸಭಾಂಗಣ ತುಂಬಿತ್ತು. ಮಾವ ಅದೇ ಹಾಡು ಎತ್ತಿಕೊಂಡ. ಟಕಟಕ ಚೆನ್ನಾಗಿ ಬರಲೆಂದು ಉಸಿರೆಲ್ಲ ಕಟ್ಟಿ ಊದಿದ. ಮೌತ್ ಆರ್ಗನ್ ಪಕ್ಕಕ್ಕೆ ಜಾರಿ, ಸೆಟ್ ಹಾರಿ ಮುಂದಿನ ಸಾಲಿನಲ್ಲಿದ್ದ ವಿಮರ್ಶಕನ ಮಡಿಲಲ್ಲಿ ಬಿತ್ತು. ಮಾವನ ಮುಖ ಸುಣ್ಣವಾಯಿತು, ಕೆನ್ನೆಗಳು ಒಳಗೆ ಬಿದ್ದವು. ವಿಮರ್ಶಕ ಒಂದು ಕ್ಷಣ ಹಲ್ಲು ನೋಡಿದ, ಒಂದು ಕ್ಷಣ ಜನರನ್ನು ನೋಡಿದ. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದ. ವಿಮರ್ಶಕನೇ ತಟ್ಟಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ?

ಮನೆಗೆ ಬರುವ ದಾರಿಯುದ್ದಕ್ಕೂ ಮಾವ ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದೇ ನಡೆದ. "ಇನ್ನು ಊದಬೇಡಿ," ಅಂತ ಅತ್ತೆ ಮೆತ್ತಗೆ ಅಂದಾಗ ಆಗಲಿ ಎಂದು ತಲೆಯಾಡಿಸಿದ್ದ ಕೂಡ.

ಮರುದಿನ ಪತ್ರಿಕೆಯಲ್ಲಿ ಬಂತು: 'ಕೊನೆಯಲ್ಲಿ ವಾದ್ಯವನ್ನೇ ರಸಿಕರಿಗೆ ಒಪ್ಪಿಸುವ ಪುರಾತನ ಬ್ರೆಜಿಲ್ ಸಂಪ್ರದಾಯವನ್ನು ಕಲಾವಿದರು ಭಕ್ತಿಯಿಂದ ಪಾಲಿಸಿದರು.'

ಮಾವ ಅದನ್ನು ಗಟ್ಟಿಯಾಗಿ ಓದಿದ, ಮತ್ತೊಮ್ಮೆ ಓದಿದ. ಮೂರನೆಯ ಸಲಕ್ಕೆ ತಾನೇ ನಂಬಿಬಿಟ್ಟ.