ನೀರಿಗೆ ಬಿದ್ದರೆ ಸಾಯುತ್ತಿದ್ದ ಹೀರೋ

ಇವತ್ತು ಅಣ್ಣನ ಮಗಳು ಆಡುತ್ತಿದ್ದ ಗೇಮಿನಲ್ಲಿ ಒಬ್ಬ ಹುಡುಗಿ ಸಮುದ್ರಕ್ಕೆ ಹಾರಿ ಈಜಿದಳು. ಸಿಂದಗಿಯ ನಮ್ಮ ಪಡಸಾಲೆಯ ಕಂಪ್ಯೂಟರು, ಅದರ ಬಿಸಿ ಧೂಳಿನ ವಾಸನೆ ನೆನಪಾಯಿತು. ಊರೆಲ್ಲ ಮನಸ್ಸಿಗೆ ಬಂದಂತೆ ತಿರುಗುವ ಗೇಮನ್ನು ಅಣ್ಣ ಆಡುತ್ತಿದ್ದ, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ.

"ಹಳೇ ಗೇಮಿನ್ಯಾಗ ಹೀರೋ ನೀರಿಗೆ ಬಿದ್ರ ಸಾಯ್ತಿದ್ದ. ಹೊಸಾದ್ರಾಗ ಈಜು ಕಲಿಸ್ಯಾರ ನೋಡು," ಅಂದಿದ್ದ ಅಣ್ಣ ಒಮ್ಮೆ.

ಅಪ್ಪ ಅಣ್ಣನ ಸೊಂಟಕ್ಕೆ ಹಗ್ಗ ಕಟ್ಟಿ ಹೊಲದ ಬಾವಿಯಲ್ಲಿ ಈಜು ಕಲಿಸಿದ್ದರು. ಒಣ ಟವೆಲ್ ಹಿಡಿದು ಮೇಲೆ ನಿಲ್ಲುವುದು ನನ್ನ ಕೆಲಸ.

"ಅಪ್ಪಾ, ನನಗೂ ಕಲಿಸ್ರಿ," ಅಂದೆ.

"ಹೆಣ್ಣುಡುಗಿ ಬಾವಿಗಿಳದ್ರ ಮಂದಿ ಏನಂದಾರು?"

ಗೇಮು ಮಾಡುವವರು ಒಬ್ಬರನ್ನೊಬ್ಬರು ನೋಡಿಯಾದರೂ ತಮ್ಮ ಹೀರೋಗಳಿಗೆ ಈಜು ಕಲಿಸಿದರು.

"ಅಣ್ಣಾ, ನಿನ್ನ ಮಗಳನ್ನ ಬಾವಿಗೆ ಕರಕೊಂಡು ಹೋಗಿ ಈಜು ಕಲಿಸು," ಎಂದೆ ಈಗ.

ಅಣ್ಣ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಮಂದಿ ಏನಂದಾರು?"